ಕಾಲು ಸೋತದ್ದು ನಿನ್ನ ತಪ್ಪಲ್ಲ

ಪ್ರೀತಿಯ ಗೆಳೆಯ,

‘ಮೈಗಳ್ಳನಾಗಿಬಿಟ್ಟಿದ್ದೇನೆ’ ಎಂದು ಬರೆದಿದ್ದೀಯಲ್ಲ, ಆ ಮಾತು ನನಗೆ ಬಹಳ ನೋವು ಕೊಟ್ಟಿತು. ಮೈಗ್ರೇನ್‌ಗೆಂದು ಪ್ರೊಪ್ರನೊಲಾಲ್ ಎಂಬ ಬೀಟಾ ಬ್ಲಾಕರ್ ಮಾತ್ರೆ ಶುರು ಮಾಡಿದ ಮೇಲೆ ಅರ್ಧ ಗಂಟೆ ಓಡುವಷ್ಟರಲ್ಲಿ ಕಾಲು ಸೋತುಹೋಗುತ್ತಿದ್ದರೆ ಅದಕ್ಕೆ ನಿನ್ನ ಮನಸ್ಸನ್ನು ದೂರಬೇಡ. ರಕ್ತದೊತ್ತಡಕ್ಕೆ ನಾನೂ ಬೀಟಾ ಬ್ಲಾಕರ್ ನುಂಗುವವನೇ. ಮೊದಲ ವಾರ ಏರುದಾರಿ ಹತ್ತುವಾಗ ತೊಡೆ ಉರಿಯುತ್ತಿತ್ತು, ಏದುಸಿರು ಬರುತ್ತಿತ್ತು. ಕೈಗಡಿಯಾರ ನೋಡಿದರೆ ನಾಡಿ ಬರೀ 112. ಮೊದಲಾಗಿದ್ದರೆ ಅಲ್ಲಿ 140 ದಾಟಿರುತ್ತಿತ್ತು. ಗಡಿಯಾರ ಕೆಟ್ಟಿದೆ ಎಂದುಕೊಂಡು ಕುತ್ತಿಗೆಗೆ ಬೆರಳಿಟ್ಟು ಎಣಿಸಿದೆ, ಅಷ್ಟೇ ಇತ್ತು.

ಓಡುವಾಗ ದೇಹದಲ್ಲಿ ಅಡ್ರಿನಲಿನ್ ಏರುತ್ತದೆ. ಅದು ಹೃದಯವನ್ನು ಚುರುಕುಗೊಳಿಸುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಕೊಬ್ಬಿನ ಕೋಶಗಳಿಗೂ ಅದೇ ಹೋಗಿ ದಾಸ್ತಾನು ಬಿಚ್ಚಿಸುತ್ತದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಹಾಗೆ ರಕ್ತಕ್ಕಿಳಿದ ಕೊಬ್ಬಿನಾಮ್ಲಗಳೇ ದೀರ್ಘ ಓಟದ ಮುಖ್ಯ ಇಂಧನಗಳಲ್ಲೊಂದು. ಈ ಎರಡೂ ಕೆಲಸ ನಡೆಯುವುದು ಬೀಟಾ ಗ್ರಾಹಕಗಳ ಮೂಲಕ, ಅಂದರೆ ಕೋಶಗಳ ಮೇಲೆ ಅಡ್ರಿನಲಿನ್ ಬಂದು ಕೂರುವ ತಾಣಗಳ ಮೂಲಕ. ಮಾತ್ರೆ ಅಲ್ಲಿ ಅಡ್ಡ ಕೂರುತ್ತದೆ. ಕೊಬ್ಬು ಸಾಕಷ್ಟು ಬಾರದಿದ್ದಾಗ ಸ್ನಾಯುಗಳು ತಮ್ಮೊಳಗೆ ಕೂಡಿಟ್ಟ ಸಕ್ಕರೆಯಾದ ಗ್ಲೈಕೋಜೆನ್ ಮತ್ತು ರಕ್ತದ ಸಕ್ಕರೆಯನ್ನೇ ಹೆಚ್ಚು ನೆಚ್ಚಬೇಕು. ಗ್ಲೈಕೋಜೆನ್ ಇರುವುದೇ ಸ್ವಲ್ಪ. ಸಾಲದ್ದಕ್ಕೆ, ಅದನ್ನು ಒಡೆದುಕೊಳ್ಳಲು ಅಡ್ರಿನಲಿನ್ ಕೊಡುವ ನೆರವಿಗೂ ನಿನ್ನ ಮಾತ್ರೆ ತಡೆಯೊಡ್ಡುತ್ತದೆ. ಕಾಲು ಸೋಲದೆ ಇನ್ನೇನಾದೀತು?

‘ನಿನ್ನ ಮಾತ್ರೆ’ ಎಂದು ಬೇಕೆಂದೇ ಬರೆದೆ. ಪ್ರೊಪ್ರನೊಲಾಲ್ ಹಳೆಯ ಔಷಧ. 1960ರ ದಶಕದಲ್ಲಿ ಅದನ್ನು ರೂಪಿಸಿದ ಜೇಮ್ಸ್ ಬ್ಲ್ಯಾಕ್ ಅವರಿಗೆ 1988ರಲ್ಲಿ ನೊಬೆಲ್ ಬಂತು. ಅದು ಹೃದಯ, ಸ್ನಾಯು, ಶ್ವಾಸನಾಳ ಎಂಬ ಭೇದವಿಲ್ಲದೆ ಎಲ್ಲ ಕಡೆಯೂ ತಡೆ ಹಾಕುತ್ತದೆ. ನಾನು ತೆಗೆದುಕೊಳ್ಳುವ ಮೆಟೊಪ್ರೊಲಾಲ್ ಮುಖ್ಯವಾಗಿ ಹೃದಯದ ಗ್ರಾಹಕಗಳನ್ನು ಹಿಡಿಯುವಂಥದ್ದು. ಹಾಗಾಗಿ ವ್ಯಾಯಾಮದ ಸುಸ್ತು ಇದರಲ್ಲಿ ಸಾಮಾನ್ಯವಾಗಿ ಕಡಿಮೆ. ಮೈಗ್ರೇನ್‌ಗೂ ಇದನ್ನು ಕೊಡುವುದುಂಟು. ಬದಲಿಸಬಹುದೇ ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳು. ಆದರೆ ಕೈಮುಗಿದು ಹೇಳುತ್ತೇನೆ, ನೀನಾಗಿಯೇ ಥಟ್ಟನೆ ನಿಲ್ಲಿಸಬೇಡ. ಹಾಗೆ ನಿಲ್ಲಿಸಿದರೆ ನಾಡಿ, ರಕ್ತದೊತ್ತಡ ಎರಡೂ ಒಮ್ಮೆಲೇ ಏರಬಹುದು. ಹೃದ್ರೋಗ ಇದ್ದವರಿಗಂತೂ ಪ್ರಾಣಕ್ಕೇ ಸಂಚಕಾರ.

ನಾಡಿಯ ಗರಿಷ್ಠ ಮಿತಿ ತಿಳಿಯಲು 220ರಿಂದ ವಯಸ್ಸು ಕಳೆಯುವ ಲೆಕ್ಕವನ್ನು ಸದ್ಯಕ್ಕೆ ಮರೆತುಬಿಡು. ಆ ನಾಡಿ ಮುಟ್ಟಲು ಹೋಗಿ ಮೈ ದಂಡಿಸಿಕೊಂಡರೆ ನಿನಗೇ ಕಷ್ಟ. ಓಡುತ್ತಾ ಒಂದು ಪೂರ್ತಿ ವಾಕ್ಯ ಹೇಳಲು ಆಗುತ್ತಿದೆಯೇ ನೋಡು. ಆಗುತ್ತಿದ್ದರೆ ವೇಗ ಸರಿಯಿದೆ. ನಾನು ಬೋರ್ಗ್ ಮಾಪನವನ್ನೂ ಬಳಸುತ್ತೇನೆ. ಶ್ರಮ ಎಷ್ಟು ಅನ್ನಿಸುತ್ತದೆ ಎಂದು 6ರಿಂದ 20ರೊಳಗೆ ನಾವೇ ಅಂಕ ಕೊಡುವುದು, ಅಷ್ಟೇ. 12-13ರ ಆಸುಪಾಸಿನಲ್ಲಿ ಉಳಿಯುತ್ತೇನೆ.

ಇನ್ನೊಂದು ಎಚ್ಚರ. ದೀರ್ಘ ಓಟದಲ್ಲಿ ಸಕ್ಕರೆ ಇಳಿದರೆ ಮೊದಲಿನಂತೆ ಎದೆ ಡವಗುಟ್ಟುವುದು, ಕೈ ನಡುಗುವುದು ನಿನಗೆ ಗೊತ್ತಾಗದಿರಬಹುದು. ಬೆವರುವುದನ್ನು ಮಾತ್ರೆ ತಡೆಯುವುದಿಲ್ಲ, ಆದರೆ ಓಡುವವನ ಬೆವರಿನಿಂದ ಏನು ತಿಳಿದೀತು? ತಲೆ ಮಂಕಾದರೆ ನಿಂತುಬಿಡು. ಜೇಬಿನಲ್ಲಿ ಸಿಹಿಯೇನಾದರೂ ಇರಲಿ.

ವೈದ್ಯರು ಏನೆಂದರು ಎಂದು ಆ ದಿನವೇ ಬರೆ. ಕಾಯುತ್ತಿರುತ್ತೇನೆ.

ನಿನ್ನ ಗೆಳೆಯ