ಮಗಳಿಗೊಂದು ಪತ್ರ: ಬಸ್ಸಿನ ವಿಷಯ

ವಿಜಯಪುರ
ಭಾನುವಾರ

ಪ್ರೀತಿಯ ಮಗಳೇ,

ಮೊನ್ನೆ ಫೋನಿನಲ್ಲಿ ನಿನ್ನ ಪ್ರಾಜೆಕ್ಟಿಗೆ ಅಂತ ನೀನು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಲಿಲ್ಲ. ಹಂಚಿನ ಮೇಲೆ ರೊಟ್ಟಿ ಇತ್ತು, ಪಕ್ಕದಲ್ಲೇ ನಿಮ್ಮಪ್ಪ ಕೂತಿದ್ದರು. ಅದಕ್ಕೇ ಈ ಪತ್ರ.

ಜೈಲಿನಲ್ಲಿ ನೂರು ಮಂದಿ ಇದ್ದರೆ ಹೆಂಗಸರು ನಾಲ್ಕೇ ಯಾಕೆ ಅಂತ ತಾನೇ ನಿನ್ನ ಪ್ರಶ್ನೆ? ದೇಶದ ಲೆಕ್ಕ ಹೆಚ್ಚುಕಡಿಮೆ ಅಷ್ಟೇ. ನಮ್ಮ ದರ್ಗಾ ಜೈಲಿನ ಕಡೆ ಹೋದಾಗ ನಾನು ಕಂಡಿದ್ದೂ ಅದೇ. ಒಳಗೆ ಗಂಡಸರು, ಹೊರಗೆ ಭೇಟಿಗೆ ಕಾಯುವ ತಾಯಿ, ಹೆಂಡತಿ.

ಹಾಗಂತ ಹೆಂಗಸರೆಲ್ಲ ಸಾಧುಗಳು ಅಂತ ಬರೆದುಬಿಡಬೇಡ. ಸೊಸೆಯನ್ನು ಉಪವಾಸ ಕೆಡವಿದ ಅತ್ತೆಯನ್ನು ನಮ್ಮ ಓಣಿಯಲ್ಲೇ ನೋಡಿದ್ದೇನೆ. ನನಗನ್ನಿಸುವುದು ಇಷ್ಟು: ಸರಹೊತ್ತಿನಲ್ಲಿ ಹೊರಗಿರುವವರು ಯಾರು, ಕುಡಿದು ಜಗಳ ತೆಗೆಯುವವರು ಯಾರು? ಹುಡುಗಿ ಹೊಸ್ತಿಲು ದಾಟಿದರೆ ಹತ್ತು ಮಂದಿ "ಎಲ್ಲಿಗೆ?" ಅನ್ನುತ್ತಾರೆ. ಕಳ್ಳತನ ಮಾಡೋಕೂ ಪುರುಸೊತ್ತು ಬೇಕಲ್ವಾ!

ಇನ್ನು ದೂರು ಕೊಡುವ ವಿಷಯ. ಸಿದ್ಧೇಶ್ವರ ಜಾತ್ರೆಯಲ್ಲಿ ನಿಮ್ಮಪ್ಪನ ಬೈಕ್ ಕಳುವಾಗಿದ್ದು ನೆನಪಿದೆಯಾ? ಅರ್ಧ ಗಂಟೆಯಲ್ಲಿ ಠಾಣೆಗೆ ಹೋದರು. ಎಫ್‌ಐಆರ್ ಇಲ್ಲದೆ ಇನ್ಶೂರೆನ್ಸ್ ದುಡ್ಡು ಬರುವುದಿಲ್ಲವಲ್ಲ. ಓಣಿಯವರೆಲ್ಲ ಬಂದು ಅಯ್ಯೋ ಪಾಪ ಅಂದರು. ಬೈಕನ್ನು ಅಷ್ಟು ಹೊತ್ತಿನಲ್ಲಿ ಹೊರಗೆ ಯಾಕೆ ಒಯ್ದಿದ್ದಿರಿ ಅಂತ ಯಾರೂ ಕೇಳಲಿಲ್ಲ.

ಅದೇ ವರ್ಷ ನಾನು ಇಂಡಿಯಿಂದ ಬರುತ್ತಿದ್ದೆ. ಬಸ್ಸಿನಲ್ಲಿ ಕಾಲಿಡಲು ಜಾಗ ಇರಲಿಲ್ಲ. ಹಿಂದೆ ನಿಂತವನ ಕೈ ಸೊಂಟಕ್ಕೆ ಬಂತು. ಗದ್ದಲಕ್ಕೆ ತಾಗಿತೇನೋ ಅಂದುಕೊಂಡೆ. ಎರಡನೇ ಸಲ ಗೊತ್ತಾಯಿತು. ಸೆರಗಿನ ಪಿನ್ನು ತೆಗೆದು ಚುಚ್ಚಿದೆ. "ಸ್ಸ್" ಅಂದ, ಮುಂದಿನ ಸ್ಟಾಪಿನಲ್ಲಿ ಇಳಿದ. ಕಂಡಕ್ಟರ್ ಎರಡು ಹೆಜ್ಜೆ ಆಚೆ ಚಿಲ್ಲರೆ ಎಣಿಸುತ್ತಿದ್ದ. ನಾನು ಬಾಯಿ ಬಿಡಲಿಲ್ಲ. ಮನೆಗೆ ಬಂದು ಸೀರೆ ನೆನೆಹಾಕಿದೆ, ಅಷ್ಟೇ.

ಠಾಣೆಯ ಲೆಕ್ಕದಲ್ಲಿ ಬೈಕ್ ಇದೆ, ನಾನಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಹೊಡೆತವನ್ನೋ ಲೈಂಗಿಕ ಹಿಂಸೆಯನ್ನೋ ಅನುಭವಿಸಿದ ಹೆಂಗಸರಲ್ಲಿ ನೂರಕ್ಕೆ 77 ಮಂದಿ ಸಹಾಯ ಕೇಳಿಲ್ಲ, ಯಾರ ಹತ್ತಿರವೂ ಹೇಳಿಕೊಂಡೂ ಇಲ್ಲ. ಹಾಗಾಗಿ ಕೇಸ್ ಜಾಸ್ತಿ ಇರುವ ಊರೇ ಕೆಟ್ಟದ್ದು ಅಂತ ಸುಮ್ನೆ ತೀರ್ಮಾನಿಸಬೇಡ. ಅಲ್ಲಿಯ ಹೆಂಗಸರು ಬಾಯಿ ಬಿಡುತ್ತಿರಬಹುದು.

ಗಂಡಸರೂ ಮುಚ್ಚಿಡುತ್ತಾರೆ. ಸೊಲ್ಲಾಪುರದ ರೈಲಿನಲ್ಲಿ ನಿನ್ನ ಮಾವನನ್ನು ಹುಡುಗರು ಹೊಡೆದು ಮೊಬೈಲ್ ಕಿತ್ತುಕೊಂಡರು. ಮನೆಯಲ್ಲಿ "ಜಾರಿಬಿದ್ದೆ" ಅಂದ. ಗಂಡಸಾಗಿ ಹೊಡೆಸಿಕೊಂಡು ಬಂದೆಯಾ ಅಂತಾರಲ್ಲ.

ನಿನಗೆ ಏನೇ ಆದರೂ 112ಕ್ಕೆ ಫೋನ್ ಮಾಡು. ದೂರನ್ನು ಯಾವ ಠಾಣೆಯಲ್ಲಾದರೂ ಬರೆಸಬಹುದು, ಅದಕ್ಕೆ ಝೀರೋ ಎಫ್‌ಐಆರ್ ಅಂತಾರೆ. "ನಮ್ಮ ಹದ್ದಿಗೆ ಬರೋದಿಲ್ಲ" ಅಂದು ಕಳಿಸುವಂತಿಲ್ಲ. ಪ್ರತಿಯನ್ನು ಪುಕ್ಕಟೆ ಕೊಡಬೇಕು, ಕೇಳಿ ಇಸಿದುಕೋ. ನನಗೂ ಹೇಳು, ಬೈಯುವುದಿಲ್ಲ.

ಬಸ್ಸಿನ ವಿಷಯ ನಿನ್ನ ಪ್ರಾಜೆಕ್ಟಿಗೆ ಬೇಕಾದರೆ ಹಾಕಿಕೋ. ಹೆಸರು ಮಾತ್ರ ಬೇಡ. ನಿಮ್ಮಪ್ಪನಿಗೆ ಇನ್ನೂ ಹೇಳಿಲ್ಲ.

ನಿನ್ನ ಅವ್ವ