ಫೀಚರ್ ಎಣಿಸೋದು ಬಿಟ್ಟು ಬಳಸೋರ ಪಕ್ಕ ಕೂತ್ಕೊಳ್ಳಿ

ಮಾನ್ಯ ಸಂಪಾದಕರೇ,

ಪ್ರಾಡಕ್ಟ್ ಮ್ಯಾನೇಜರ್ ಆಗೋದು ಹೇಗೆ ಅಂತ ಉದ್ಯೋಗದ ಪುಟದಲ್ಲಿ ಬರೋದನ್ನೆಲ್ಲ ಓದ್ತೀನಿ, ಆದ್ರೆ ಯಾವ ಕೋರ್ಸ್ ಮಾಡ್ಬೇಕು, ಇಂಟರ್ವ್ಯೂಲಿ ಏನ್ ಕೇಳ್ತಾರೆ ಅನ್ನೋದ್ರಲ್ಲೇ ಮುಗಿದು ಹೋಗುತ್ತೆ. ಸಾಫ್ಟ್‌ವೇರಲ್ಲಿ ಏನಿರ್ಬೇಕು, ಯಾವುದು ಮೊದಲು ಅಂತ ನಿರ್ಧರಿಸೋ ಈ ಕೆಲಸದಲ್ಲಿ 11 ವರ್ಷದಿಂದ ಇದೀನಿ, ಅದಕ್ಕೇ ಈ ಪತ್ರ.

ಟೀಮ್ ಚೆನ್ನಾಗಿ ನಡೀತಿದೆಯಾ ಅಂತ ನೋಡೋಕೆ ಎಲ್ರೂ ಮಾಡೋದು ಒಂದೇ, ಎಷ್ಟು ಫೀಚರ್ (ಸಾಫ್ಟ್‌ವೇರಿಗೆ ಸೇರಿಸೋ ಹೊಸ ಸೌಲಭ್ಯ) ರಿಲೀಸ್ ಆಯ್ತು ಅಂತ ಎಣಿಸೋದು. ನಾನೂ ಅದನ್ನೇ ಮಾಡ್ತಿದ್ದೆ. ಒಂದ್ಸಲ ಬಿಲ್ಲಿಂಗ್ ಸಾಫ್ಟ್‌ವೇರಿಗೆ 4 ತಿಂಗಳು ಕೂತು ರಿಪೋರ್ಟ್ ಸ್ಕ್ರೀನ್ ಮಾಡಿದ್ವಿ, ಹೇಳಿದ ದಿನಕ್ಕೆ ಮುಗೀತು, ಚಪ್ಪಾಳೆನೂ ಬಿತ್ತು. ಆಮೇಲೆ ಒಂದಿನ ಅದನ್ನ ದಿನಾ ಬಳಸೋ ಅಕೌಂಟ್ಸ್ ಮೇಡಂ ಒಬ್ರ ಪಕ್ಕ ಸುಮ್ನೆ ಕೂತಿದ್ದೆ. ಅವರು ಆ ರಿಪೋರ್ಟ್ ತೆಗೀಲೇ ಇಲ್ಲ. ಬಿಲ್ ನಂಬರನ್ನ ಒಂದು ಚೀಟಿಲಿ ಬರ್ಕೊಳ್ಳೋದು, ಹಿಂದಿನ ಸ್ಕ್ರೀನಿಗೆ ಹೋಗೋದು, ಚೀಟಿ ನೋಡ್ಕೊಂಡು ಮತ್ತೆ ಟೈಪ್ ಮಾಡೋದು. ಯಾಕೆ ಮೇಡಂ ಅಂತ ಕೇಳಿದ್ರೆ "ಬ್ಯಾಕ್ ಒತ್ತಿದ್ರೆ ಎಲ್ಲಾ ಅಳಿಸಿ ಹೋಗುತ್ತಲ್ಲ ಸರ್, ಮೊದ್ಲಿಂದ್ಲೂ ಹಿಂಗೇ" ಅಂದ್ರು. ಕೀಬೋರ್ಡ್ ಕೆಳಗೆ ಅಂಥ ಚೀಟಿಗಳ ಕಂತೆನೇ ಇತ್ತು. ಅದನ್ನ ಸರಿ ಮಾಡೋಕೆ ನಮಗೆ ಬೇಕಾಗಿದ್ದು ಎರಡೇ ದಿನ.

ಅದಕ್ಕಿಂತ ಬೇಜಾರಾಗಿದ್ದು ಏನಂದ್ರೆ, ನಮ್ಮ ಟೆಸ್ಟರ್ ಹುಡುಗನಿಗೆ ಇದು ಮುಂಚೇನೇ ಗೊತ್ತಿತ್ತು. ಮೀಟಿಂಗಲ್ಲಿ ಹೇಳಿದ್ದನಂತೆ, ಅದು ರೋಡ್‌ಮ್ಯಾಪಲ್ಲಿ, ಅಂದ್ರೆ ಮುಂದೆ ಮಾಡೋ ಕೆಲಸಗಳ ಪಟ್ಟಿಲಿ, ಇಲ್ಲ ಅಂತ ನಾನೇ ಬಾಯಿ ಮುಚ್ಚಿಸಿದ್ದೆ, ಅಲ್ಲಿಂದ ಅವನು ಏನೂ ಹೇಳೋದೇ ಬಿಟ್ಟ. ಗೂಗಲ್‌ನವರು ಪ್ರಾಜೆಕ್ಟ್ ಅರಿಸ್ಟಾಟಲ್ ಅಂತ ತಮ್ಮ ಟೀಮ್‌ಗಳನ್ನೇ ಸ್ಟಡಿ ಮಾಡಿದಾಗ ಸಿಕ್ಕಿದ್ದೂ ಇದೇ, ಟೀಮಲ್ಲಿ ಯಾರ್ ಯಾರು ಇದಾರೆ ಅನ್ನೋದಕ್ಕಿಂತ ಹೆದರಿಕೆ ಇಲ್ದೆ ಮಾತಾಡೋಕಾಗುತ್ತಾ ಅನ್ನೋದೇ ದೊಡ್ಡದು. ಟೊಯೋಟಾ ಫ್ಯಾಕ್ಟರಿಲಿ ತಪ್ಪು ಕಂಡ ಯಾವ ಕೆಲಸಗಾರನಾದ್ರೂ ಹಗ್ಗ ಎಳೆದು ಲೈನ್ ನಿಲ್ಲಿಸಬಹುದು, ನಮ್ಮ ಹುಡುಗ ಎಳೆದ ಹಗ್ಗನ ನಾನು ಕತ್ತರಿಸಿದ್ದೆ.

ಈ ಹುದ್ದೆ ಹುಟ್ಟಿದ ಕಥೆನೂ ಇಲ್ಲಿಗೇ ಬರುತ್ತೆ. 1931ರಲ್ಲಿ ಸೋಪು ಮಾಡೋ ಅಮೆರಿಕದ ಕಂಪನಿ ಪ್ರಾಕ್ಟರ್ ಅಂಡ್ ಗ್ಯಾಂಬಲ್‌ನಲ್ಲಿ ನೀಲ್ ಮೆಕೆಲ್‌ರಾಯ್ ಅನ್ನೋರು ಒಂದೊಂದು ಬ್ರ್ಯಾಂಡಿಗೂ ಪೂರ್ತಿ ಜವಾಬ್ದಾರಿ ಹೊರೋ ಜನ ಬೇಕು ಅಂತ ಒಂದು ಮೆಮೋ ಬರೆದ್ರು, ಇವತ್ತಿನ ಪ್ರಾಡಕ್ಟ್ ಮ್ಯಾನೇಜರ್ ಕೆಲಸದ ಬೇರು ಅಲ್ಲಿದೆ ಅಂತಾರೆ. ಮಾರಾಟ ಬಿದ್ದಿರೋ ಕಡೆ ಖುದ್ದು ಹೋಗಿ ಡೀಲರ್‌ಗಳನ್ನೂ ಕೊಳ್ಳೋರನ್ನೂ ನೋಡಿ ತೊಂದರೆ ಏನು ಅಂತ ಹುಡುಕ್ಬೇಕು ಅಂತ ಅದರಲ್ಲೇ ಇದೆ. ನಾವು ಆ ಭಾಗ ಬಿಟ್ಟು ಪಿಪಿಟಿ ಮಾಡೋದನ್ನ ಮಾತ್ರ ಕಲಿತಿದೀವಿ ಅನ್ಸುತ್ತೆ.

ಈಗ ಎರಡು ವಾರಕ್ಕೊಮ್ಮೆ ಒಬ್ಬ ಡೆವಲಪರನ್ನ ಕರ್ಕೊಂಡು ಬಳಸೋರ ಹತ್ರ ಹೋಗ್ತೀನಿ. ಈ ಬಟನ್ ಇಲ್ಲಿ ಹಾಕಿ ಅಂತ ಹೇಳೋದು ಬಿಟ್ಟು ಸಮಸ್ಯೆ ಇದು ಅಂತ ಟೀಮ್ ಮುಂದಿಡ್ತೀನಿ, ದಾರಿ ಅವರೇ ಹುಡುಕ್ತಾರೆ, ಬಹಳ ಸಲ ನನಗೆ ಹೊಳೆದಿದ್ದಕ್ಕಿಂತ ಸುಲಭದ್ದು. ಸೇಲ್ಸ್‌ನವರು ತರೋ ಹೊಸ ಫೀಚರ್‌ಗಳ ಪಟ್ಟಿಗೆ ಆಗಲ್ಲ ಅನ್ನೋದು ಈಗ್ಲೂ ಕಷ್ಟನೇ, ಆದ್ರೆ ಕಾರಣ ಹೇಳಿ ಆಗಲ್ಲ ಅಂದ್ರೆ ಒಪ್ತಾರೆ.

ದಯವಿಟ್ಟು ಮುಂದಿನ ಸಲ ಈ ಬಗ್ಗೆ ಬರೆಸುವಾಗ ಕಸ್ಟಮರ್ ಸಪೋರ್ಟಲ್ಲಿ ಫೋನ್ ತಗೊಳ್ಳೋರನ್ನೂ ಟೆಸ್ಟಿಂಗ್ ಮಾಡೋರನ್ನೂ ಮಾತಾಡಿಸಿ.

ಇಂತಿ,
ಒಬ್ಬ ಓದುಗ