ಎಂಜಿನ್ ಕಾದರೂ ಕದಲದ ಟೆಂಪರೇಚರ್ ಮುಳ್ಳಿನ ಬಗ್ಗೆ ದೂರು

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ,
ಕಾರು ತಯಾರಿಕಾ ಕಂಪನಿಯ ಪ್ರಧಾನ ಕಚೇರಿ

ಪ್ರತಿ: ಮ್ಯಾನೇಜರ್, ಅಧಿಕೃತ ಸರ್ವಿಸ್ ಸೆಂಟರ್, ಹಾಸನ

ವಿಷಯ: ವಾರಂಟಿ ಇದ್ದರೂ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವಿನ ಸೀಲ್) ರಿಪೇರಿಗೆ 61,400 ರೂಪಾಯಿ ವಸೂಲಿ ಮಾಡಿರುವುದು ಮತ್ತು ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮೀಟರ್ ನಿಜ ತೋರಿಸದಿರುವುದು.

ಮಾನ್ಯರೇ,

ನಿಮ್ಮ ಸರ್ವಿಸ್ ಸೆಂಟರ್‌ನವರು ನನ್ನ ಜಾಬ್ ಕಾರ್ಡಿನಲ್ಲಿ ಒಂದು ಸಾಲು ಬರೆದಿದ್ದಾರೆ: 'ಎಂಜಿನ್ ಓವರ್‌ಹೀಟ್ ಆದ ನಂತರವೂ ಗ್ರಾಹಕರು ವಾಹನ ಚಲಾಯಿಸಿದ್ದಾರೆ. ವಾರಂಟಿ ಅನ್ವಯಿಸುವುದಿಲ್ಲ.' ಈ ಸಾಲು ಸುಳ್ಳು. ಅದಕ್ಕೆ ಸಾಕ್ಷಿ ಬೇರೆಲ್ಲೂ ಹುಡುಕಬೇಕಾಗಿಲ್ಲ. ಅದೇ ಜಾಬ್ ಕಾರ್ಡಿಗೆ ಪಿನ್ ಮಾಡಿರುವ ನಿಮ್ಮ ಸ್ಕ್ಯಾನರ್ ಪ್ರಿಂಟಿನಲ್ಲೇ, ಅಂದರೆ ಎಂಜಿನ್ ಕಂಪ್ಯೂಟರಿನಿಂದ ತೆಗೆದ ದಾಖಲೆಯಲ್ಲೇ ಇದೆ.

ನಡೆದದ್ದು ಇಷ್ಟು. ಮೇ ತಿಂಗಳ ಮಧ್ಯಾಹ್ನ. ಅಪ್ಪ ಅಮ್ಮನನ್ನು ಕೂರಿಸಿಕೊಂಡು ಮಂಗಳೂರಿನಿಂದ ಹಾಸನಕ್ಕೆ ಬರುತ್ತಿದ್ದೆ. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತಲು ಶುರು ಮಾಡಿದರೆ ಮುಂದೆ ಗ್ಯಾಸ್ ಸಾಗಿಸುವ ಬುಲೆಟ್ ಟ್ಯಾಂಕರ್‌ಗಳ ಸಾಲು. ಆ ರಸ್ತೆಯಲ್ಲಿ ಓಡಾಡುವವರಿಗೆ ಇದು ಹೊಸದೇನಲ್ಲ. ಒಂದನೇ ಗೇರು, ಎರಡನೇ ಗೇರು, ಮತ್ತೆ ಒಂದನೇ ಗೇರು. ಮಾರನಹಳ್ಳಿ ಹತ್ತಿರ ಎಸಿಯಿಂದ ಬೆಚ್ಚನೆ ಗಾಳಿ ಬರತೊಡಗಿತು. ಕೂಡಲೇ ಟೆಂಪರೇಚರ್ ಮೀಟರ್ ನೋಡಿದೆ. ಮುಳ್ಳು ಎಂದಿನಂತೆ ಸಿ (ತಂಪು) ಮತ್ತು ಎಚ್ (ಬಿಸಿ) ನಡುವೆ, ಸರಿಯಾಗಿ ಮಧ್ಯದ ಗೆರೆಯ ಮೇಲೆ. ಎಸಿ ಆಫ್ ಮಾಡಿ, ಕಿಟಕಿ ಇಳಿಸಿ ಮುಂದುವರಿದೆ. ದೋಣಿಗಲ್ ಸಮೀಪ ಕೆಂಪು ದೀಪ ಹೊತ್ತಿತು. ಅದೇ ಹೊತ್ತಿಗೆ ಮುಳ್ಳು ಮಧ್ಯದಿಂದ ಎಚ್‌ಗೆ ಒಂದೇ ಜಿಗಿತ ಜಿಗಿಯಿತು. ಜಾಗ ಸಿಕ್ಕಿದ ಕಡೆ ಪಕ್ಕಕ್ಕೆ ತೆಗೆದು ಎಂಜಿನ್ ಆಫ್ ಮಾಡಿದೆ. ಮತ್ತೆ ಸ್ಟಾರ್ಟ್ ಮಾಡಲಿಲ್ಲ. ಕಾರನ್ನು ಹಾಸನಕ್ಕೆ ಹೊತ್ತು ತಂದಿದ್ದು ನಿಮ್ಮದೇ ರೋಡ್‌ಸೈಡ್ ಸೇವೆಯ ಫ್ಲಾಟ್‌ಬೆಡ್ ಲಾರಿ.

ಆದದ್ದೇನು ಅಂತ ನಿಮ್ಮವರೇ ಹೇಳಿದರು. ರೇಡಿಯೇಟರ್ ಫ್ಯಾನಿನ ರಿಲೇ (ಫ್ಯಾನಿಗೆ ಕರೆಂಟ್ ಕೊಡುವ ಸ್ವಿಚ್) ಸುಟ್ಟು ಹೋಗಿತ್ತು, ಫ್ಯಾನ್ ತಿರುಗುತ್ತಿರಲಿಲ್ಲ. ಹೈವೇಯಲ್ಲಿ ಓಡುವಾಗ ಎದುರುಗಾಳಿಯೇ ರೇಡಿಯೇಟರ್ ತಣಿಸುತ್ತೆ. ಘಾಟಿಯಲ್ಲಿ ತೆವಳುವಾಗ ಗಾಳಿ ಎಲ್ಲಿಂದ ಬರಬೇಕು? ಆಗ ಫ್ಯಾನ್ ಒಂದೇ ಗತಿ. ಎಸಿ ಬೆಚ್ಚಗಾದದ್ದೂ ಅದಕ್ಕೇ, ಅದರ ಬಿಸಿ ಹೊರಹಾಕುವ ಕಂಡೆನ್ಸರ್‌ಗೂ ಅದೇ ಫ್ಯಾನ್. ಶಾಖ ಏರಿ, ಒತ್ತಡ ಹೆಚ್ಚಿ, ಒಂದು ಹೋಸ್ ಪೈಪಿನ ಜಾಯಿಂಟ್ ಬಿಟ್ಟುಕೊಂಡು ಕೂಲಂಟ್ (ಎಂಜಿನ್ ತಣಿಸುವ ದ್ರವ) ಹೊರಗೆ ಹೋಗಿದೆ. ಆಮೇಲೆ ಅಲ್ಯೂಮಿನಿಯಂ ಹೆಡ್ ಬಾಗಿ, ಗ್ಯಾಸ್ಕೆಟ್ ಹೋಗಿದೆ.

ಇಲ್ಲಿ ಒಂದು ತಮಾಷೆ ನೋಡಿ. ರಿಲೇಯನ್ನು ವಾರಂಟಿಯಲ್ಲಿ ಪುಕ್ಕಟೆ ಹಾಕಿಕೊಟ್ಟಿದ್ದಾರೆ. ಅಂದರೆ ಅದು ನಿಮ್ಮ ಭಾಗದ ದೋಷ ಅಂತ ಒಪ್ಪಿದ ಹಾಗಾಯ್ತು. ಆ ದೋಷದಿಂದಲೇ ಹಾಳಾದ ಗ್ಯಾಸ್ಕೆಟ್, ಹೆಡ್ ಫೇಸಿಂಗ್ (ಬಾಗಿದ ಹೆಡ್ ಸಮ ಮಾಡುವುದು), ಆಯಿಲ್, ಕೂಲಂಟ್, ಲೇಬರ್ ಮಾತ್ರ ನನ್ನ ತಲೆಗೆ!

ಈಗ ಪ್ರಿಂಟಿಗೆ ಬರೋಣ. ಅದರಲ್ಲಿ ಪಿ0217 ಎಂಬ ಕೋಡ್ ಇದೆ. ಕೂಲಂಟ್ ಮಿತಿ ಮೀರಿ ಬಿಸಿಯಾಗಿದೆ ಅಂತ ಅದರ ಅರ್ಥ. ಕೋಡ್ ದಾಖಲಾದಾಗ ಕೂಲಂಟ್ 117 ಡಿಗ್ರಿ, ವೇಗ ಗಂಟೆಗೆ 21 ಕಿ.ಮೀ. ಅದರ ಕೆಳಗಿನ ಸಾಲನ್ನು ದಯವಿಟ್ಟು ಓದಿ: ಎಚ್ಚರಿಕೆ ದೀಪ ಹೊತ್ತಿದ ಮೇಲೆ ಓಡಿದ ದೂರ, 0 ಕಿ.ಮೀ. ದೀಪ ನೋಡಿಯೂ ಓಡಿಸಿದೆ ಎಂಬ ಮಾತು ಇಲ್ಲಿಗೆ ಬಿದ್ದುಹೋಗುತ್ತೆ.

ಇದನ್ನು ತೋರಿಸಿದಾಗ ಸರ್ವಿಸ್ ಮ್ಯಾನೇಜರ್ ಮಾತು ಬದಲಿಸಿದರು. 'ದೀಪಕ್ಕೆ ಮೊದಲೇ ಎಂಜಿನ್ ಕಾದಿತ್ತು ಸರ್, ನೀವು ಗಮನಿಸಬೇಕಿತ್ತು' ಎಂದರು. ಯಾವುದರಿಂದ ಗಮನಿಸಬೇಕಿತ್ತು? ನನಗೆ ನೀವು ಕೊಟ್ಟಿರುವುದು ಒಂದು ಮುಳ್ಳು. ಅದು ಮಧ್ಯದಲ್ಲಿತ್ತು. ಆಗ ಅವರೇ ಬಾಯಿಬಿಟ್ಟರು: ಮುಳ್ಳು ಸಣ್ಣಪುಟ್ಟ ಏರಿಳಿತಕ್ಕೆ ಅಲ್ಲಾಡದಂತೆ ಕಂಪನಿಯೇ ಸೆಟ್ ಮಾಡಿರುತ್ತೆ, ಇಲ್ಲದಿದ್ದರೆ ಜನ ಗಾಬರಿಯಾಗಿ ಸುಮ್ನೆ ಸರ್ವಿಸ್ ಸೆಂಟರ್‌ಗೆ ಬರುತ್ತಾರೆ, 112 ಡಿಗ್ರಿ ದಾಟುವವರೆಗೆ ಮೇಲೇಳುವುದಿಲ್ಲ. ಬರೆದುಕೊಡಿ ಅಂದೆ. ಕೊಡಲಿಲ್ಲ.

ಕಾರು ವಾಪಸ್ ಬಂದ ಮೇಲೆ ಸಾವಿರ ರೂಪಾಯಿಯೊಳಗಿನ ಒಂದು ಬ್ಲೂಟೂತ್ ಡಾಂಗಲ್ ತಂದು ಸ್ಟೇರಿಂಗ್ ಕೆಳಗೆ, ಎಂಜಿನ್ ಕಂಪ್ಯೂಟರಿನ ಮಾಹಿತಿ ಓದಲು ಇರುವ ಒಬಿಡಿ ಸಾಕೆಟ್‌ಗೆ ಸಿಕ್ಕಿಸಿದೆ. ಎಂಜಿನ್ ಕಂಪ್ಯೂಟರಿನ ಲೆಕ್ಕ ಮೊಬೈಲಿನಲ್ಲಿ, ಮುಳ್ಳು ಎದುರಿಗೆ. ಬೆಳಿಗ್ಗೆ ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿದರೆ 74 ಡಿಗ್ರಿಗೇ ಮುಳ್ಳು ಮಧ್ಯಕ್ಕೆ ಬಂದು ಕೂರುತ್ತೆ. ಟ್ರಾಫಿಕ್‌ನಲ್ಲಿ 97ಕ್ಕೆ ಫ್ಯಾನ್ ಶುರು, 92ಕ್ಕೆ ಆಫ್. ಚಾರ್ಮಾಡಿ ಘಾಟಿಯಲ್ಲಿ ಎಸಿ ಹಾಕಿಕೊಂಡು ಹತ್ತಿದಾಗ 103 ಮುಟ್ಟಿತು. ಮುಳ್ಳು ಕೂದಲೆಳೆಯಷ್ಟೂ ಸರಿಯಲಿಲ್ಲ. 103ರ ಆಚೆ ನಾನು ಪರೀಕ್ಷೆ ಮಾಡಿಲ್ಲ. ಎಂಜಿನ್ ನನ್ನದೇ ಅಲ್ವಾ, ಇನ್ನೊಮ್ಮೆ ಸುಡಲು ಮನಸ್ಸಾಗಲಿಲ್ಲ. ವಿಡಿಯೊ ಈ ಪತ್ರದ ಜೊತೆಗಿದೆ.

80ರಿಂದ 100ರ ನಡುವೆ ಮುಳ್ಳನ್ನು ಕಟ್ಟಿಹಾಕಿದ್ದಕ್ಕೆ ನನ್ನ ತಕರಾರಿಲ್ಲ. ಕೂಲಂಟ್ ಹರಿವು ನಿಯಂತ್ರಿಸುವ ಥರ್ಮೋಸ್ಟಾಟ್ ತೆರೆಯುತ್ತೆ, ಫ್ಯಾನ್ ಬರುತ್ತೆ ಹೋಗುತ್ತೆ, ಅಷ್ಟು ಏರಿಳಿತ ಸಹಜ. ಆದರೆ 105 ಅಂದರೆ ಏನೋ ಸರಿಯಿಲ್ಲ ಅಂತ. ಗ್ಲೈಕಾಲ್ ಮತ್ತು ನೀರು ಸಮ ಸಮ ಬೆರೆಸಿದ ಕೂಲಂಟ್ ತೆರೆದ ಪಾತ್ರೆಯಲ್ಲಿ 107ರ ಸುಮಾರಿಗೆ ಕುದಿಯುತ್ತೆ. ಕಾರಿನಲ್ಲಿ 117ಕ್ಕೂ ಕುದಿಯದೆ ನಿಲ್ಲುವುದು ಮುಚ್ಚಳ ಹಿಡಿದಿಡುವ ಒತ್ತಡದಿಂದ. ಒಂದು ಹೋಸ್ ಬಿಟ್ಟುಕೊಂಡರೆ ಆ ಒತ್ತಡವೂ ಹೋಯಿತು. ಆಗ ಉಳಿದ ಕೂಲಂಟ್ ಹಬೆಯಾಗುತ್ತೆ, ಸೆನ್ಸರ್ ದ್ರವದ ಬದಲು ಹಬೆಯಲ್ಲಿ ನೇತಾಡುತ್ತೆ, ಲೋಹ ಇನ್ನೂ ಜಾಸ್ತಿ ಕಾದಿದ್ದರೂ ಕಡಿಮೆ ತೋರಿಸಬಹುದು. ಮುಳ್ಳು ಏಳುವ ಹೊತ್ತಿಗೆ ಚಾಲಕನ ಕೈಯಲ್ಲಿ ಉಳಿಯುವ ಸಮಯ ಎಷ್ಟು? 105ಕ್ಕೇ ಮುಳ್ಳು ಸ್ವಲ್ಪ ಸರಿದಿದ್ದರೂ ಮಾರನಹಳ್ಳಿಯಲ್ಲೇ ನಿಲ್ಲಿಸುತ್ತಿದ್ದೆ.

ನನ್ನ ಮುಖ್ಯ ಆಕ್ಷೇಪ ಇದೇ. ಕಾರಿನೊಳಗಿನ ಕಂಪ್ಯೂಟರಿಗೆ ಒಂದೊಂದು ಡಿಗ್ರಿಯೂ ಗೊತ್ತಿತ್ತು. ಆ ಲೆಕ್ಕವನ್ನು ನಿಮ್ಮ ಸ್ಕ್ಯಾನರ್‌ಗೆ ಕೊಟ್ಟಿರಿ, ನನಗೆ ಕೊಡಲಿಲ್ಲ. ಈಗ ನನಗೆ ಕೊಡದ ಲೆಕ್ಕವನ್ನು ಮುಂದಿಟ್ಟುಕೊಂಡು ನನ್ನನ್ನೇ ತಪ್ಪಿತಸ್ಥ ಮಾಡುತ್ತಿದ್ದೀರಿ. ಓನರ್ಸ್ ಮ್ಯಾನುಯಲ್‌ನಲ್ಲಿ ಇರುವುದು 'ಮುಳ್ಳು ಎಚ್ ಕಡೆಯ ಕೆಂಪು ಭಾಗಕ್ಕೆ ಬಂದರೆ ನಿಲ್ಲಿಸಿ' ಎಂದಷ್ಟೇ. ಮಧ್ಯದ ಗೆರೆ ಎಷ್ಟರಿಂದ ಎಷ್ಟು ಡಿಗ್ರಿ ಅಂತ ಒಂದು ಪುಟದಲ್ಲೂ ಇಲ್ಲ.

ನಾನು ಕೇಳುವುದು: 61,400 ರೂಪಾಯಿ ಪೂರ್ತಿ ವಾಪಸ್ ಬರಬೇಕು. ಜಾಬ್ ಕಾರ್ಡಿನ ಆ ಸಾಲನ್ನು ನಿಮ್ಮ ಸರ್ವಿಸ್ ದಾಖಲೆಯಿಂದಲೂ ತೆಗೆಯಬೇಕು. ನಾಳೆ ಕಾರು ಮಾರುವಾಗಲೂ ಅದು ನನ್ನ ಬೆನ್ನು ಬಿಡುವುದಿಲ್ಲ. ಈ ಮಾಡೆಲ್‌ನಲ್ಲಿ ಮುಳ್ಳು ಯಾವ ಡಿಗ್ರಿಗೆ ಮಧ್ಯಕ್ಕೆ ಬರುತ್ತೆ, ಯಾವ ಡಿಗ್ರಿಗೆ ಏಳುತ್ತೆ, ದೀಪ ಯಾವಾಗ ಹೊತ್ತುತ್ತೆ ಎಂಬುದನ್ನು ಬರೆದು ತಿಳಿಸಬೇಕು. ಮುಳ್ಳು ನಡೆಯುವುದು ಸಾಫ್ಟ್‌ವೇರ್‌ನಿಂದ ಎಂದು ನಿಮ್ಮ ಮ್ಯಾನೇಜರೇ ಹೇಳಿದ್ದಾರೆ. ಹಾಗಿದ್ದರೆ 105ರಿಂದಾಚೆ ಅದು ಏರುವಂತೆ ಸರಿಪಡಿಸಿಕೊಡಿ, ನನಗೊಬ್ಬನಿಗಲ್ಲ, ಈ ಮಾಡೆಲ್ ಕೊಂಡ ಎಲ್ಲರಿಗೂ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಕಲಂ 2(11)ರಲ್ಲಿ ಸಂಬಂಧಪಟ್ಟ ಮಾಹಿತಿಯನ್ನು ಬೇಕಂತಲೇ ಮುಚ್ಚಿಡುವುದನ್ನೂ ಸೇವೆಯ ಕೊರತೆ ಎಂದೇ ಹೇಳಿದೆ. ದೂರುದಾರ ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಲು ಅದೇ ಕಾಯ್ದೆ ಅವಕಾಶ ಕೊಟ್ಟಿದೆ. ಪತ್ರ ತಲುಪಿದ 30 ದಿನದೊಳಗೆ ಲಿಖಿತ ಉತ್ತರ ಕೊಡಿ. ಬರದಿದ್ದರೆ 1915 ಸಹಾಯವಾಣಿಯಲ್ಲಿ ದೂರು ದಾಖಲಿಸಿ, ಹಾಸನದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಫೋನಿನಲ್ಲಿ ಸಮಾಧಾನ ಹೇಳುವುದು ಬೇಡ, ಅದು ಈಗಾಗಲೇ ಸಾಕಷ್ಟು ಆಗಿದೆ.

ಇಂತಿ,
ನಿಮ್ಮ ಕಾರಿನ ಮಾಲೀಕ,
ಹಾಸನ

ಲಗತ್ತು: ಜಾಬ್ ಕಾರ್ಡ್, ಸ್ಕ್ಯಾನರ್ ಪ್ರಿಂಟ್, ಬಿಲ್, ಫ್ಲಾಟ್‌ಬೆಡ್ ರಸೀದಿ, ಮುಳ್ಳು ಮತ್ತು ಒಬಿಡಿ ಲೆಕ್ಕ ಎರಡೂ ಕಾಣುವ ವಿಡಿಯೊ ಇರುವ ಪೆನ್‌ಡ್ರೈವ್.